ಹೋಟೆಲಿನಲ್ಲಿ ಒತ್ತಡ ಎಲ್ಲಿ ಕೂತಿರುತ್ತದೆ: ನನ್ನ ಅನುಭವ

ಹೋಟೆಲ್ ಕೆಲಸದಲ್ಲಿ ಯಾರೂ ಬಂದು "ನನಗೆ ಒತ್ತಡ ಜಾಸ್ತಿ ಆಗಿದೆ" ಎಂದು ಹೇಳುವುದಿಲ್ಲ. ಹೇಳಲು ಪುರುಸೊತ್ತೂ ಇರುವುದಿಲ್ಲ. ಅದು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಮಸಾಲೆ ದೋಸೆ ಕೇಳಿದವರ ಟೇಬಲ್ಲಿಗೆ ಸಾದಾ ಹೋಗುತ್ತದೆ. ಸಕ್ಕರೆ ಬೇಡ ಎಂದವರ ಕಾಫಿಗೆ ಸಕ್ಕರೆ ಬೀಳುತ್ತದೆ. ಪಾರ್ಸೆಲ್ ಕವರಿಗೆ ಚಟ್ನಿ ಹಾಕುವುದು ಮರೆತುಹೋಗುತ್ತದೆ. ರಾತ್ರಿ ಗಲ್ಲಾ ಎಣಿಸಿದರೆ ಲೆಕ್ಕ ತಾಳೆ ಆಗುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಒಂದು ದಿನ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಹುಡುಗ ಬ್ಯಾಗ್ ಹಿಡಿದು ನಿಂತು "ಊರಿಗೆ ಹೋಗಿ ಬರ್ತೀನಿ ಅಣ್ಣ" ಅನ್ನುತ್ತಾನೆ. ಹೋಗುತ್ತಾನೆ, ಬರುವುದಿಲ್ಲ.

ನಾನು ಕುಂದಾಪುರದ ಕಡೆಯವನು. ಬೆಂಗಳೂರಿಗೆ ಬಂದು ಕ್ಲೀನರ್ ಆಗಿ ಸೇರಿದೆ. ಆಮೇಲೆ ಸಪ್ಲೈಯರ್ ಆದೆ, ಗಲ್ಲಾದಲ್ಲಿ ಕೂತೆ, ಮ್ಯಾನೇಜರ್ ಆದೆ. ಈಗ ಪಾಲುದಾರರ ಜೊತೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದೇನೆ. ಕೆಳಗೆ ನಿಂತು ತಿನ್ನುವ ದರ್ಶಿನಿ, ಮೇಲೆ ಕೂತು ತಿನ್ನುವ ಹಾಲ್. ಕೆಲಸದವರು ಮೂವತ್ತರ ಆಸುಪಾಸು. ಇಷ್ಟು ಜನರ ಕೆಲಸ ಕೆಡುವುದು ಎಲ್ಲಿಂದ ಶುರುವಾಗುತ್ತದೆ, ಅದನ್ನು ಸರಿ ಮಾಡಲು ನಾವು ಏನೇನು ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಹೋಟೆಲ್ ನಡೆಸುವವರಿಗೆ ಉಪಯೋಗ ಆಗಬಹುದು. ಅಂಗಡಿ, ಆಸ್ಪತ್ರೆಯ ರಿಸೆಪ್ಷನ್, ಬ್ಯಾಂಕ್ ಕೌಂಟರ್, ಹೀಗೆ ಗಿರಾಕಿಯ ಎದುರು ನಿಲ್ಲುವ ಯಾವ ಕೆಲಸದವರಿಗೂ ಇದರಲ್ಲಿ ಗುರುತು ಸಿಗುವ ಸಂಗತಿಗಳಿವೆ ಅಂದುಕೊಂಡಿದ್ದೇನೆ.

ಮೊದಲು ಮಾಡಿದ್ದು ಒಂದು ನೋಟ್‌ಬುಕ್ ಇಟ್ಟದ್ದು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಏನು ತಪ್ಪಾಯಿತು, ಇಷ್ಟೇ ಬರೆಯುವುದು. ಯಾರು ಮಾಡಿದ್ದು ಎಂದು ಬರೆಯುವ ಹಾಗಿಲ್ಲ. ಈ ಒಂದು ನಿಯಮ ಬಹಳ ಮುಖ್ಯ. ಹೆಸರು ಬರೆಯಲು ಶುರು ಮಾಡಿದರೆ ತಪ್ಪುಗಳು ನಿಲ್ಲುವುದಿಲ್ಲ, ಬರೆಯುವುದು ಮಾತ್ರ ನಿಲ್ಲುತ್ತದೆ. ಸುರಿದ ಸಾಂಬಾರ್, ವಾಪಸ್ ಬಂದ ದೋಸೆ, ತಪ್ಪು ಬಿಲ್, ಜಗಳ, ಎಲ್ಲ ಅದರಲ್ಲಿ ಬಂತು.

ಕೆಲವು ತಿಂಗಳು ಬರೆದು ನೋಡಿದಾಗ ಎರಡು ವಿಷಯ ಎದ್ದು ಕಂಡವು. ಒಂದು, ಅತಿ ಹೆಚ್ಚು ಜನ ಬರುವ ಭಾನುವಾರ ಬೆಳಗ್ಗೆ ತಪ್ಪು ಜಾಸ್ತಿ ಆಗುತ್ತಿರಲಿಲ್ಲ. ಆ ದಿನ ಎಲ್ಲರೂ ಇರುತ್ತಾರೆ, ಯಾರಿಗೂ ರಜೆ ಇಲ್ಲ, ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತು, ಒಂದು ಹುರುಪೂ ಇರುತ್ತದೆ. ತಪ್ಪು ಹೆಚ್ಚುತ್ತಿದ್ದದ್ದು ರಶ್ ಇಳಿಯುವ ಹೊತ್ತಿಗೆ, ಮತ್ತು ಒಬ್ಬರು ಹೇಳದೆ ಕೇಳದೆ ರಜೆ ಹಾಕಿದ ಮಾಮೂಲಿ ದಿನಗಳಲ್ಲಿ. ಎರಡನೆಯದು, ತಪ್ಪುಗಳು ಹೋಟೆಲಿನ ಉದ್ದಗಲಕ್ಕೂ ಹರಡಿರಲಿಲ್ಲ. ಮೂರು ನಾಲ್ಕು ಜಾಗದಲ್ಲೇ ಗುಂಪಾಗಿ ಕೂತಿದ್ದವು. ಅಡುಗೆಮನೆಯ ಕಿಂಡಿ, ಗಲ್ಲಾ, ಪಾರ್ಸೆಲ್ ಮೇಜು. ಇವೆಲ್ಲ ಒಬ್ಬನ ಕೆಲಸ ಇನ್ನೊಬ್ಬನ ಕೈಗೆ ದಾಟುವ ಜಾಗಗಳು.

ಆ ಹೊತ್ತಿಗೆ ಎಂಬಿಎ ಓದುತ್ತಿದ್ದ ನನ್ನ ಅಕ್ಕನ ಮಗಳು ಪ್ರಾಜೆಕ್ಟಿಗೆ ನಮ್ಮ ಹೋಟೆಲನ್ನೇ ಆರಿಸಿಕೊಂಡಿದ್ದಳು. ನೋಟ್‌ಬುಕ್ ನೋಡಿ, "ಮಾವ, ಇದರ ಬಗ್ಗೆ ಆಗಲೇ ಕೆಲಸ ಮಾಡಿದವರಿದ್ದಾರೆ" ಅಂದಳು. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ಸಂಶೋಧಕರು ಹೇಳಿದ ಮಾತನ್ನು ವಿವರಿಸಿದಳು. ಕೆಲಸದ ಹೊರೆ ಮಾತ್ರ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಹೊರೆ ಜಾಸ್ತಿ ಇದ್ದು, ಆ ಕೆಲಸದ ಮೇಲೆ ತನ್ನ ಹಿಡಿತ ಏನೂ ಇಲ್ಲದಿದ್ದಾಗ ಕುಗ್ಗುತ್ತಾನೆ. ನನಗೆ ಇದು ತಕ್ಷಣ ಅರ್ಥವಾಯಿತು. ದೋಸೆ ಭಟ್ಟರು ಕಲ್ಲಿನ ಮುಂದೆ ಒಂದೇ ಸಮನೆ ದೋಸೆ ಹುಯ್ಯುತ್ತಾ ನಿಂತರೂ ಮುಖ ಸಪ್ಪಗಾಗುವುದಿಲ್ಲ. ಕಲ್ಲು ಅವರದ್ದು, ಉರಿ ಅವರದ್ದು, ಯಾವ ದೋಸೆ ಯಾವಾಗ ಎತ್ತಬೇಕು ಅನ್ನುವುದು ಅವರ ಕೈಯಲ್ಲಿದೆ. ಸಪ್ಲೈಯರ್ ಕೈಯಲ್ಲಿ ಏನಿದೆ? ಗಿರಾಕಿ ಬೈದರೆ ಕೇಳಬೇಕು, ಒಳಗೆ ಭಟ್ಟರು ಬೈದರೂ ಕೇಳಬೇಕು. ದೋಸೆ ತಡವಾಗಿದ್ದಕ್ಕೆ ಕಾರಣ ಅವನಲ್ಲ, ಉತ್ತರ ಕೊಡಬೇಕಾದವನು ಅವನು.

ಹಾಗಾಗಿ ನಾವು ಕಿಂಡಿಯಿಂದಲೇ ಶುರು ಮಾಡಿದೆವು.

ಮೇಲಿನ ಹಾಲಿನಲ್ಲಿ ಮೊದಲು ಎಲ್ಲ ಕೂಗಿಯೇ ನಡೆಯುತ್ತಿತ್ತು. ಸಪ್ಲೈಯರ್ ಕಿಂಡಿಗೆ ಬಾಯಿಟ್ಟು "ಎರಡು ಮಸಾಲೆ, ಒಂದು ಸೆಟ್, ಒಂದು ಈರುಳ್ಳಿ!" ಅನ್ನುವುದು, ಒಳಗಿಂದ "ಆಯ್ತು" ಎಂಬ ಕೂಗು. ರಶ್ ಇಲ್ಲದಾಗ ಅದು ಚಂದ. ರಶ್ ಹೊತ್ತಿನಲ್ಲಿ ಐದು ಜನ ಸಪ್ಲೈಯರ್‌ಗಳು ಒಟ್ಟಿಗೆ ಕೂಗುತ್ತಾರೆ. ಭಟ್ಟರಿಗೆ ಕೇಳಿಸಿದ್ದು ಒಂದು, ನೆನಪಿದ್ದದ್ದು ಇನ್ನೊಂದು. ಮೊದಲು ಹೇಳಿದವನ ದೋಸೆಯನ್ನು ಆಮೇಲೆ ಬಂದವನು ಎತ್ತಿಕೊಂಡು ಹೋಗುತ್ತಾನೆ. ಜಗಳ ಅಲ್ಲೇ. ಇದರೊಳಗೆ ವಯಸ್ಸಿನ, ಗೌರವದ ಮಾತೂ ಇದೆ. ಭಟ್ಟರು ಇಪ್ಪತ್ತು ವರ್ಷ ಪಳಗಿದವರು. ನಿನ್ನೆ ಮೊನ್ನೆ ಸೇರಿದ ಹುಡುಗ ಬಂದು "ಬೇಗ ಕೊಡಿ, ಬೇಗ ಕೊಡಿ" ಅಂದರೆ ಅವರಿಗೆ ಅದು ಆರ್ಡರ್ ಅಂತ ಕೇಳಿಸುವುದಿಲ್ಲ, ಅಪ್ಪಣೆ ಅಂತ ಕೇಳಿಸುತ್ತದೆ. ಅವರು ಬೇಕೆಂದೇ ಆ ಹುಡುಗನ ದೋಸೆಯನ್ನು ಹಿಂದಕ್ಕೆ ಹಾಕುತ್ತಾರೆ. ಹುಡುಗ ಗಿರಾಕಿಯ ಹತ್ತಿರ ಬೈಸಿಕೊಳ್ಳುತ್ತಾನೆ. ಮುಂದಿನ ಸಲ ಇನ್ನೂ ಜೋರಾಗಿ ಕೂಗುತ್ತಾನೆ.

1940ರ ದಶಕದಲ್ಲಿ ವಿಲಿಯಂ ಫೂಟ್ ವೈಟ್ ಎಂಬ ಸಮಾಜಶಾಸ್ತ್ರಜ್ಞರು ಶಿಕಾಗೊ ನಗರದ ರೆಸ್ಟೋರೆಂಟುಗಳಲ್ಲಿ ಇದನ್ನೇ ಕಂಡಿದ್ದರಂತೆ. ರಶ್ ಹೊತ್ತಿನಲ್ಲಿ ಬಡಿಸುವ ಹೆಂಗಸರು ಅಳುವ ಸ್ಥಿತಿಗೆ ಬರುತ್ತಿದ್ದರು. ಕೆಲಸದಲ್ಲಿ ತಮಗಿಂತ ಮೇಲಿನವರು ಎಂದುಕೊಂಡ ಗಂಡಸರಿಗೆ ಈ ಹೆಂಗಸರು ನೇರವಾಗಿ ಆರ್ಡರ್ ಹೇಳಬೇಕಾಗಿದ್ದದ್ದು ತಿಕ್ಕಾಟಕ್ಕೆ ದೊಡ್ಡ ಕಾರಣ ಎಂದು ವೈಟ್ ಗುರುತಿಸಿದರು. ಪರಿಹಾರ ಬಹಳ ಸಣ್ಣದು. ಆರ್ಡರನ್ನು ಚೀಟಿಯಲ್ಲಿ ಬರೆದು ಒಂದು ಮುಳ್ಳಿಗೆ ಚುಚ್ಚಿ ಇಡುವುದು. ಅಡುಗೆಯವನು ಚೀಟಿ ನೋಡಿ ತನ್ನ ಸರದಿಯಲ್ಲಿ ಮಾಡುತ್ತಾನೆ. ಮುಖಕ್ಕೆ ಮುಖ ಕೊಟ್ಟು ಕೂಗುವುದು ತಪ್ಪುತ್ತದೆ. ಶಿಕಾಗೊದ ಕಥೆ ನಮ್ಮ ಕಿಂಡಿಗೆ ಇಷ್ಟು ಸರಿಯಾಗಿ ಹೊಂದುತ್ತದಲ್ಲ ಎಂದು ಅವತ್ತು ನನಗೆ ಬಹಳ ಖುಷಿಯಾಗಿತ್ತು.

ನಾವು ಚೀಟಿ ಬರೆಸಿದೆವು. ಆಮೇಲೆ ಅಡುಗೆಮನೆಗೆ ಸಣ್ಣ ಪ್ರಿಂಟರ್ ತಂದೆವು. ಚೀಟಿ ಬರುವ ಸರದಿಯಲ್ಲೇ ಭಟ್ಟರು ತಂತಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆದರೆ ಪ್ರಿಂಟರ್ ಇಟ್ಟ ಮಾತ್ರಕ್ಕೆ ಕೂಗು ನಿಲ್ಲುವುದಿಲ್ಲ. ಚೀಟಿ ಹೋಯಿತು ಎಂದು ಗೊತ್ತಿದ್ದೂ ಹುಡುಗರು ಕಿಂಡಿಗೆ ಬಂದು ಬಗ್ಗಿ ನೋಡುತ್ತಾರೆ. ಅದಕ್ಕೆ ಕಿಂಡಿಯ ಈಚೆ ಒಬ್ಬರನ್ನು ನಿಲ್ಲಿಸಿದೆವು. ಭಟ್ಟರ ಜೊತೆ ಮಾತನಾಡುವುದು ಅವರೊಬ್ಬರೇ. ತಟ್ಟೆಗೆ ಚಟ್ನಿ, ಸಾಂಬಾರ್ ಬಟ್ಟಲು ಇಟ್ಟು, ಚೀಟಿ ನೋಡಿ, ಟೇಬಲ್ ನಂಬರ್ ಹೇಳಿ ದಾಟಿಸುತ್ತಾರೆ. ಈ ಜಾಗಕ್ಕೆ ನಾವು ಆರಿಸಿದ್ದು ಸಪ್ಲೈಯರ್ ಆಗಿ ವಯಸ್ಸಾದ ಒಬ್ಬರನ್ನು. ಅವರಿಗೆ ಮಂಡಿ ನೋವು, ಓಡಾಡುವುದು ಕಷ್ಟವಾಗಿತ್ತು. ಭಟ್ಟರಿಗೂ ಅವರಿಗೂ ಹಳೆಯ ಸ್ನೇಹ. ಅವರು ಅಲ್ಲಿ ನಿಂತ ಮೇಲೆ ಕಿಂಡಿಯ ಸದ್ದು ಅರ್ಧಕ್ಕೆ ಇಳಿಯಿತು. ವಾಪಸ್ ಬರುವ ತಟ್ಟೆಗಳು ಕಡಿಮೆಯಾದವು. ಹೊಸ ಹುಡುಗರು ಕೆಲಸ ಕಲಿಯುವುದು ಬೇಗ ಆಯಿತು, ಯಾಕೆಂದರೆ ಮೊದಲ ವಾರದ ಭಯ ಇದ್ದದ್ದೇ ಆ ಕಿಂಡಿಯಲ್ಲಿ.

ಕೆಳಗಿನ ದರ್ಶಿನಿಯ ಕಥೆ ಬೇರೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಬೆಂಗಳೂರಿನ ತುಂಬ ಹಬ್ಬಿದ ಈ ಪದ್ಧತಿಯಲ್ಲಿ ಸಪ್ಲೈಯರ್ ಇಲ್ಲ. ಗಿರಾಕಿ ದುಡ್ಡು ಕೊಟ್ಟು ಟೋಕನ್ ಪಡೆದು ತಾನೇ ಕೌಂಟರಿಗೆ ಹೋಗುತ್ತಾನೆ. ಕಿಂಡಿಯ ಜಗಳ ಅಲ್ಲಿಗೆ ಮುಗಿಯಿತು ಅನ್ನಿಸಬಹುದು. ಆದರೆ ಹಿಂದೆ ಒಳಗೆ ಕಾಣದಂತೆ ಇದ್ದ ಅಡುಗೆಯವರು ಈಗ ಗಿರಾಕಿಯ ಎದುರು ಬಂದು ನಿಂತಿದ್ದಾರೆ. ದೋಸೆಯೂ ಹುಯ್ಯಬೇಕು, "ಸಾರ್ ಎರಡು ನಿಮಿಷ" ಎಂದು ಮುಖವನ್ನೂ ಚೆನ್ನಾಗಿ ಇಟ್ಟುಕೊಳ್ಳಬೇಕು. ಹತ್ತು ಜನ ಟೋಕನ್ ಹಿಡಿದು ಕಲ್ಲನ್ನೇ ನೋಡುತ್ತಿರುತ್ತಾರೆ. ಒಬ್ಬರು ತಮ್ಮ ದೋಸೆಗೆ ತುಪ್ಪ ಜಾಸ್ತಿ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ.

ಮುಖದಲ್ಲಿ ನಗು ಇಟ್ಟುಕೊಳ್ಳುವುದೂ ಸಂಬಳಕ್ಕೆ ಮಾಡುವ ದುಡಿಮೆಯೇ ಎಂದು 1983ರಲ್ಲೇ ಆರ್ಲಿ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ವಿಮಾನದ ಗಗನಸಖಿಯರನ್ನು ನೋಡಿ ವಿವರಿಸಿದ್ದರು. ಒಳಗೆ ಒಂದು, ಹೊರಗೆ ಒಂದು ಇಟ್ಟುಕೊಂಡು ದಿನವಿಡೀ ನಿಲ್ಲುವುದು ಮನುಷ್ಯನನ್ನು ಸವೆಸುತ್ತದೆ. ನಾನು ಸಪ್ಲೈಯರ್ ಆಗಿದ್ದಾಗ ಇದನ್ನು ಅನುಭವಿಸಿದ್ದೇನೆ. ಕಾಲು ನೋವು ರಾತ್ರಿ ಮಲಗಿದರೆ ಹೋಗುತ್ತಿತ್ತು. ಒಬ್ಬ ಗಿರಾಕಿ ಎಲ್ಲರೆದುರು ಅಂದ ಮಾತು ಹೋಗುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಬರುವ ಬಳಲಿಕೆಗೆ ಮೂರು ಗುರುತು ಹೇಳಿತು. ಶಕ್ತಿ ಪೂರ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ಗುಣ ಇಳಿಯುವುದು. ನನ್ನ ಕಣ್ಣು ಈಗ ಎರಡನೆಯದರ ಮೇಲೆ ಇರುತ್ತದೆ. ಹುಡುಗ ಗಿರಾಕಿಯ ಮುಖ ನೋಡದೆ ತಟ್ಟೆ ಇಟ್ಟು ತಿರುಗಿದರೆ, "ಬೇರೆ ಏನು ಬೇಕು" ಅಂತ ಕೇಳುವುದನ್ನು ಬಿಟ್ಟರೆ, ನನಗೆ ಅದು ಎಚ್ಚರಿಕೆ. ಆಗ ಗದರಿದರೆ ಅವನು ಇನ್ನೂ ದೂರ ಹೋಗುತ್ತಾನೆ. ಒಂದೆರಡು ದಿನ ಅವನನ್ನು ಗಿರಾಕಿಯ ಎದುರಿನಿಂದ ತೆಗೆದು ಒಳಗಿನ ಕೆಲಸಕ್ಕೆ ಹಾಕುತ್ತೇನೆ. ತರಕಾರಿ ಹೆಚ್ಚುವುದು, ಸ್ಟೋರ್ ಎಣಿಸುವುದು, ಹೀಗೆ. ಇದು ಶಿಕ್ಷೆಯಲ್ಲ ಅಂತ ಎಲ್ಲರಿಗೂ ಗೊತ್ತಾಗಲೆಂದು ಸರದಿ ಮೇಲೆ ಎಲ್ಲರನ್ನೂ ಹಾಗೆ ಕಳಿಸುತ್ತೇವೆ. ದೋಸೆ ಕೌಂಟರಿನಲ್ಲೂ ಹಾಗೆಯೇ. ಎರಡು ಗಂಟೆಗೊಮ್ಮೆ ಕಲ್ಲಿನ ಮುಂದೆ ನಿಂತವರು ಬದಲಾಗುತ್ತಾರೆ. ಟೋಕನ್ ತೆಗೆದುಕೊಂಡು ಗಿರಾಕಿಯ ಜೊತೆ ಮಾತನಾಡಲು ಪಕ್ಕದಲ್ಲಿ ಇನ್ನೊಬ್ಬ ಇರುತ್ತಾನೆ. ಭಟ್ಟರು ಕಲ್ಲು ನೋಡಿಕೊಂಡರೆ ಸಾಕು.

ಗಿರಾಕಿ ಏಕವಚನದಲ್ಲಿ ಬೈಯಲು ಶುರು ಮಾಡಿದರೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮಲ್ಲಿ ಈಗ ಸ್ಪಷ್ಟ ನಿಯಮ ಇದೆ. ಹುಡುಗ ವಾದ ಮಾಡುವ ಹಾಗಿಲ್ಲ, ನಿಂತು ಕೇಳಬೇಕಾಗಿಯೂ ಇಲ್ಲ. "ಮ್ಯಾನೇಜರ್ ಕರೀತೀನಿ ಸಾರ್" ಎಂದು ಅಲ್ಲಿಂದ ಬಂದುಬಿಡಬೇಕು. ಹೋಗುವುದು ನಾನು ಅಥವಾ ಮ್ಯಾನೇಜರ್. ಬೇಕಾದರೆ ದುಡ್ಡು ವಾಪಸ್ ಕೊಡುತ್ತೇವೆ. ಆದರೆ ಗಿರಾಕಿಯನ್ನು ಮೆಚ್ಚಿಸಲು ಎಂದು ಹುಡುಗನನ್ನು ಕರೆಸಿ ಅವರೆದುರು ಬೈಯುವುದಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಹೀಗೆ ಬೈಯುವುದನ್ನು ಮರ್ಯಾದೆ ಉಳಿಸಿಕೊಳ್ಳುವ ದಾರಿ ಅಂದುಕೊಂಡಿದ್ದಾರೆ. ಆ ದಿನ ಗಿರಾಕಿ ಸಮಾಧಾನ ಆಗಬಹುದು. ಹುಡುಗನ ಮನಸ್ಸು ಅವತ್ತೇ ಹೋಟೆಲ್ ಬಿಟ್ಟಿರುತ್ತದೆ.

ಇದರ ಜೊತೆಗೆ ಸಪ್ಲೈಯರ್ ಕೈಗೆ ಒಂದು ಅಧಿಕಾರ ಕೊಟ್ಟೆವು. ದೋಸೆ ತಣ್ಣಗಿದೆ, ಕಾಫಿ ಸ್ಟ್ರಾಂಗ್ ಇಲ್ಲ ಎಂದು ಯಾರಾದರೂ ಹೇಳಿದರೆ ಯಾರನ್ನೂ ಕೇಳದೆ ಬದಲಾಯಿಸಿ ಕೊಡಬಹುದು. ಪಾಲುದಾರರು ಮೊದಲು ಒಪ್ಪಲಿಲ್ಲ. ದಿನಾ ಹತ್ತಾರು ದೋಸೆ ಸುಮ್ನೆ ಹೋಗುತ್ತವೆ ಅಂದರು. ಹಾಗೇನೂ ಆಗಲಿಲ್ಲ. ಬದಲಾಯಿಸುವುದು ದಿನಕ್ಕೆ ಬೆರಳೆಣಿಕೆಯಷ್ಟೇ. ಆದರೆ ಗಿರಾಕಿ ದೂರು ಹೇಳಿದಾಗ ಹುಡುಗನ ಮುಖದಲ್ಲಿ ಮೊದಲು ಕಾಣುತ್ತಿದ್ದ ಗಾಬರಿ ಹೋಯಿತು. "ಬದಲಾಯಿಸಿ ತರ್ತೀನಿ ಸಾರ್" ಎಂದು ನೆಟ್ಟಗೆ ನಿಂತು ಹೇಳುತ್ತಾನೆ. ಗಿರಾಕಿಯೂ ಅಲ್ಲಿಗೆ ತಣ್ಣಗಾಗುತ್ತಾರೆ.

ಭಾಷೆಯ ವಿಷಯ ಬಿಡುವಂತಿಲ್ಲ. ನಾನು ಬಂದ ಕಾಲಕ್ಕೆ ಹೋಟೆಲ್ ಹುಡುಗರು ಎಂದರೆ ನಮ್ಮ ಉಡುಪಿ, ಕುಂದಾಪುರ, ಮಲೆನಾಡಿನವರು. ಈಗ ರಾಯಚೂರು, ಕಲಬುರಗಿಯವರ ಜೊತೆ ಅಸ್ಸಾಂ, ಒಡಿಶಾ, ಜಾರ್ಖಂಡ್, ನೇಪಾಳದವರೂ ಇದ್ದಾರೆ. ದೂರದಿಂದ ಬಂದ ಹುಡುಗನಿಗೆ ಗಿರಾಕಿ ಹೇಳಿದ್ದು ಪೂರ್ತಿ ತಿಳಿಯುವುದಿಲ್ಲ. ಗಿರಾಕಿಗೆ ನಮ್ಮೂರಿನ ಹೋಟೆಲಿನಲ್ಲಿ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗಲಿಲ್ಲ ಎಂಬ ಬೇಸರ. ಆ ಬೇಸರ ನ್ಯಾಯವಾದದ್ದೇ. ಮಧ್ಯದಲ್ಲಿ ನಿಂತ ಹುಡುಗನಿಗೆ ಮಾತ್ರ ಬೆವರು. ನಾವು ಮಧ್ಯಾಹ್ನ ಊಟದ ನಂತರ ಕಾಲು ಗಂಟೆ ಕನ್ನಡ ಹೇಳಿಕೊಡಲು ಶುರು ಮಾಡಿದೆವು. ಪಾಠ ಅಂತ ಮಾಡಲಿಲ್ಲ. ಕೌಂಟರಿಗೆ ಬೇಕಾದ ಮಾತುಗಳು ಮಾತ್ರ: ಸ್ವಲ್ಪ ಇರಿ, ಈಗ ತರ್ತೀನಿ, ಖಾರ ಬೇಡ್ವಾ, ಸಕ್ಕರೆ ಕಡಿಮೆನಾ, ಬೈ ಟೂ ಮಾಡ್ಲಾ, ಚಿಲ್ಲರೆ ಇದ್ಯಾ, ನೀರು ಬಿಸಿದಾ ತಣ್ಣಂದಾ. ಜೊತೆಗೆ ಹಿರಿಯರಿಗೆ "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಹೇಳುವುದು. ಹೇಳಿಕೊಟ್ಟದ್ದು ರಾಯಚೂರಿನ ಒಬ್ಬ ಹುಡುಗ, ಅವನಿಗೆ ಹಿಂದಿಯೂ ಚೆನ್ನಾಗಿ ಬರುತ್ತದೆ. ಅಸ್ಸಾಮಿನ ಹುಡುಗನೊಬ್ಬ ಕನ್ನಡದಲ್ಲಿ "ಇನ್ನೊಂದ್ ವಡೆ ಕೊಡ್ಲಾ ಅಜ್ಜಿ" ಅಂದಾಗ ಆ ಅಜ್ಜಿ ಅವನ ಊರು, ತಾಯಿ, ತಂಗಿಯರ ವಿಚಾರವೆಲ್ಲ ಕೇಳಿದರು. ಅವನು ಇಡೀ ದಿನ ಖುಷಿಯಲ್ಲಿದ್ದ. ತಪ್ಪು ಆರ್ಡರುಗಳು ಕಡಿಮೆಯಾಗಲು ಪ್ರಿಂಟರಿನಷ್ಟೇ ಈ ಕಾಲು ಗಂಟೆಯೂ ಕಾರಣ ಎಂದು ನಾನು ನಂಬಿದ್ದೇನೆ.

ಈಗ ನಿದ್ದೆಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಹೋಟೆಲಿನ ಒತ್ತಡದಲ್ಲಿ ದೊಡ್ಡ ಪಾಲು ಇದರದ್ದು.

ನಮ್ಮ ಕಸುಬಿನಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಎಂದರೆ ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಬಂದು ಹನ್ನೊಂದರವರೆಗೆ ಮಾಡುವುದು, ರೂಮಿಗೆ ಹೋಗುವುದು, ಮತ್ತೆ ನಾಲ್ಕಕ್ಕೆ ಬಂದು ರಾತ್ರಿ ಹತ್ತರವರೆಗೆ ನಿಲ್ಲುವುದು. ಮಧ್ಯೆ ಐದು ಗಂಟೆ ಬಿಡುವು ಇದೆಯಲ್ಲ ಎಂದು ಮಾಲೀಕರು ಹೇಳುತ್ತಾರೆ. ಆ ಐದು ಗಂಟೆಯಲ್ಲಿ ಸ್ನಾನ, ಬಟ್ಟೆ ಒಗೆಯುವುದು, ಊರಿಗೆ ಫೋನು, ಬ್ಯಾಂಕು. ರೂಮಿನಲ್ಲಿ ಎಂಟು ಜನ, ಒಬ್ಬ ಮಲಗಿದರೆ ಇನ್ನೊಬ್ಬ ಮೊಬೈಲಿನಲ್ಲಿ ಏನೋ ಹಾಕಿಕೊಂಡಿರುತ್ತಾನೆ. ರಾತ್ರಿ ಹತ್ತಕ್ಕೆ ಬಿಟ್ಟರೆ ಊಟ ಮಾಡಿ ಮಲಗುವಾಗ ಹನ್ನೆರಡು. ಹಿಟ್ಟು ರುಬ್ಬುವವರಿಗೆ ಅದೂ ಇಲ್ಲ, ಅಂಗಡಿ ಮುಚ್ಚಿದ ಮೇಲೆ ಅವರ ಗ್ರೈಂಡರ್ ಶುರು. ಹೀಗೆ ಒಂದು ತಿಂಗಳು ನಿದ್ದೆ ಕೆಟ್ಟವನು ಬಿಲ್ ಬರೆದರೆ ತಪ್ಪದೆ ಇರುತ್ತದಾ? ಬಿಸಿ ಎಣ್ಣೆ, ಕುದಿಯುವ ಸಾಂಬಾರ್ ಇರುವ ಜಾಗದಲ್ಲಿ ನಿದ್ದೆಗೆಟ್ಟವನನ್ನು ನಿಲ್ಲಿಸುವುದು ಅಪಾಯ ಕೂಡ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ವಾರಕ್ಕೊಂದು ರಜೆ, ಹೆಚ್ಚಿಗೆ ದುಡಿಸಿದರೆ ದುಪ್ಪಟ್ಟು ಕೂಲಿ ಎಂದೂ ಅದರಲ್ಲಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥದ್ದೊಂದು ಕಾಯ್ದೆ ಇದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಮಾಲೀಕನಾದ ಮೇಲೆ ಇದನ್ನು ಪಾಲಿಸಬೇಕು ಅನ್ನುವ ಹಟ ನನಗೆ ಬಂದದ್ದು ಆ ಕಾರಣಕ್ಕೆ.

ನಾವು ಎರಡು ತಂಡ ಮಾಡಿದೆವು. ಒಂದು ತಂಡ ಬೆಳಗ್ಗೆ ಐದರಿಂದ ಮಧ್ಯಾಹ್ನ ಒಂದೂವರೆಯವರೆಗೆ, ಇನ್ನೊಂದು ಒಂದರಿಂದ ರಾತ್ರಿ ಒಂಬತ್ತೂವರೆಯವರೆಗೆ, ಮಧ್ಯೆ ಊಟ ತಿಂಡಿಯ ಬಿಡುವು ಸೇರಿ. ಒಂದರಿಂದ ಒಂದೂವರೆ ಊಟದ ರಶ್ಶಿಗೆ ಎರಡೂ ತಂಡ ಇರುತ್ತದೆ. ರುಬ್ಬುವ ಕೆಲಸವನ್ನು ಮಧ್ಯಾಹ್ನಕ್ಕೆ ತಂದೆವು. ಮಧ್ಯಾಹ್ನ ರುಬ್ಬಿದ ಹಿಟ್ಟು ಬೇಸಿಗೆಯಲ್ಲಿ ರಾತ್ರಿಯೊಳಗೆ ಹುಳಿಯಾಗಿಬಿಡುತ್ತದೆ. ಅದಕ್ಕೆ ಉಬ್ಬಿದ ಕೂಡಲೇ ತಣ್ಣಗೆ ಇಡಲು ದೊಡ್ಡ ಫ್ರಿಜ್ ಬೇಕಾಯಿತು. ಅದಕ್ಕೆ ಸಾಲ ಮಾಡಿದೆವು. ಬೆಳಗಿನ ರಶ್ಶಿಗೆ ಮೊದಲು ಎಲ್ಲರೂ ಇರುತ್ತಿದ್ದರು, ಈಗ ಅರ್ಧ ಜನ. ಹಾಗಾಗಿ ಇನ್ನೂ ಕೆಲವರನ್ನು ಸೇರಿಸಿಕೊಳ್ಳಬೇಕಾಯಿತು. ಸಂಬಳದ ಖರ್ಚು ಏರಿತು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ಕಡೆ ಇಳಿದ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಬ್ಬ ಭಟ್ಟರು ಬಿಟ್ಟು ಹೋದರೆ ಕೊಟ್ಟ ಅಡ್ವಾನ್ಸ್ ಹೋಗುತ್ತದೆ, ಹೊಸಬರನ್ನು ಹುಡುಕಿಕೊಟ್ಟವನಿಗೆ ಕಮಿಷನ್, ಅವರ ಕೈ ನಮ್ಮ ರುಚಿಗೆ ಹೊಂದುವವರೆಗೆ ಗಿರಾಕಿಗಳ ಗೊಣಗಾಟ. ಬಿಟ್ಟು ಹೋಗುವವರು ಕಡಿಮೆಯಾದ ಮೇಲೆ ಈ ಖರ್ಚು ಇಳಿಯಿತು. ವರ್ಷ ಕಳೆದಾಗ ಎರಡೂ ಹೆಚ್ಚು ಕಡಿಮೆ ಸರಿದೂಗಿದ್ದನ್ನು ಪಾಲುದಾರರೇ ಲೆಕ್ಕ ಹಾಕಿ ಹೇಳಿದರು.

ವಾರದ ರಜೆಯ ಪಟ್ಟಿಯನ್ನು ತಿಂಗಳ ಮೊದಲೇ ಗೋಡೆಗೆ ಅಂಟಿಸುತ್ತೇವೆ. ಮೊದಲು ರಜೆ ಕೇಳುವುದೇ ಒಂದು ಪರೀಕ್ಷೆಯ ಹಾಗಿತ್ತು. ಕೇಳಲು ಹೆದರಿ, ಕೇಳದೆಯೇ ತಪ್ಪಿಸಿಕೊಳ್ಳುತ್ತಿದ್ದರು. ಪಟ್ಟಿ ಬಂದ ಮೇಲೆ ತಮ್ಮ ತಮ್ಮಲ್ಲೇ ಅದಲು ಬದಲು ಮಾಡಿಕೊಳ್ಳುತ್ತಾರೆ, ನಮಗೆ ಹೇಳಿದರೆ ಸಾಕು. ಹೇಳದೆ ರಜೆ ಹಾಕುವುದು ಬಹಳ ಕಡಿಮೆಯಾಯಿತು.

ದುಡ್ಡಿನ ಚಿಂತೆಯೂ ಕೌಂಟರಿಗೆ ಬಂದು ನಿಲ್ಲುತ್ತದೆ. ಒಡೆದ ಗ್ಲಾಸಿಗೆ, ಗಲ್ಲಾದಲ್ಲಿ ಕಡಿಮೆ ಬಿದ್ದ ಹಣಕ್ಕೆ ಸಂಬಳದಲ್ಲಿ ಹಿಡಿಯುವುದನ್ನು ನಿಲ್ಲಿಸಿದೆವು. ಹಿಡಿಯುತ್ತಾರೆ ಎಂಬ ಭಯದಲ್ಲಿ ಎಣಿಸುವವನ ಕೈ ಇನ್ನೂ ನಡುಗುತ್ತದೆ. ಗಲ್ಲಾದವರಿಗೆ ಯುಪಿಐ ಬಂದ ಮೇಲೆ ಚಿಲ್ಲರೆ ಜಗಳ ತುಂಬ ಇಳಿಯಿತು. ದುಡ್ಡು ಬಂತೋ ಇಲ್ಲವೋ ಎಂಬ ಹೊಸ ಗೊಂದಲಕ್ಕೆ, ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಡಬ್ಬಿಯೇ ಉತ್ತರವಾಯಿತು. ಸಂಬಳ ಐದನೇ ತಾರೀಕಿನೊಳಗೆ ಬ್ಯಾಂಕಿಗೆ ಹೋಗುತ್ತದೆ. ಎಲ್ಲರಿಗೂ ಇಎಸ್ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ ಮಾಡಿಸಿದ್ದೇವೆ. 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಅನ್ವಯಿಸುತ್ತದೆ. ಸಂಬಳದ ಲೆಕ್ಕದಲ್ಲಿ ಕೆಲಸಗಾರನಿಂದ ಶೇ. 0.75, ನಮ್ಮಿಂದ ಶೇ. 3.25. ಭಟ್ಟರೊಬ್ಬರ ಹೆಂಡತಿಗೆ ಆಪರೇಷನ್ ಆದಾಗ ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ಆಯಿತು. ಅವರು ಸಾಲ ಮಾಡಬೇಕಾಗಲಿಲ್ಲ. ಆ ತಿಂಗಳು ಅವರ ಕೈಯ ರುಚಿ ಕೆಡದೆ ಉಳಿದದ್ದಕ್ಕೆ ಇದೇ ಕಾರಣ.

ಎಲ್ಲವೂ ನಮ್ಮ ಕೈಯಲ್ಲಿ ಸರಿಯಾಗುವಂಥದ್ದಲ್ಲ. ಒಬ್ಬ ಹುಡುಗ ಊಟ ಬಿಟ್ಟಿದ್ದ, ಯಾರ ಜೊತೆಗೂ ಮಾತಿಲ್ಲ, ರಾತ್ರಿ ಎದ್ದು ಕೂರುತ್ತಿದ್ದ. ರಜೆ, ಹಗುರ ಕೆಲಸ ಯಾವುದೂ ಸಾಲಲಿಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮೊದಲು ನಾನೇ ಫೋನ್ ಮಾಡಿ ಕೇಳಿದೆ, ಆಮೇಲೆ ಅವನ ಕೈಗೆ ಕೊಟ್ಟೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಬೇರೆ ಭಾಷೆಗಳಲ್ಲೂ ಮಾತನಾಡುತ್ತಾರೆ. ಇದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅವರು ಹೇಳಿದ ಮೇಲೆ ಅವನು ಡಾಕ್ಟರ ಹತ್ತಿರ ಹೋದ. ಈಗ ಆ ನಂಬರ್ ಹುಡುಗರ ರೂಮಿನ ಗೋಡೆಯ ಮೇಲಿದೆ, ನೀರಿನ ಕ್ಯಾನ್ ತರಿಸುವ ನಂಬರಿನ ಪಕ್ಕದಲ್ಲೇ. ನಾಚಿಕೆ ಪಡುವ ವಿಷಯ ಅಂತ ಯಾರಿಗೂ ಅನ್ನಿಸಬಾರದು ಎಂದು ಹಾಗೆ ಬರೆಸಿದ್ದೇನೆ.

ನಮಗೆ ಇನ್ನೂ ಕಷ್ಟ ಕೊಡುತ್ತಿರುವುದು ಆ್ಯಪ್ ಪಾರ್ಸೆಲ್. ಅದು ಗಿರಾಕಿ ಕಾಣದ ರಶ್. ಹೋಟೆಲಿನಲ್ಲಿ ಜನ ತುಂಬಿದ್ದರೆ ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುತ್ತದೆ, ಕಾಯುತ್ತಾರೆ ಅಥವಾ ಹೋಗುತ್ತಾರೆ. ಮನೆಯಲ್ಲಿ ಕೂತು ಆರ್ಡರ್ ಮಾಡಿದವರಿಗೆ ನಮ್ಮ ಜನಜಂಗುಳಿ ಕಾಣುವುದಿಲ್ಲ. ಟ್ಯಾಬ್ ಕಿಣಿ ಕಿಣಿ ಎನ್ನುತ್ತಲೇ ಇರುತ್ತದೆ. ಡೆಲಿವರಿ ಹುಡುಗರಿಗೂ ಅವರದ್ದೇ ಗಡಿಬಿಡಿ. ಅವರು ಕೌಂಟರಿಗೆ ಬಂದು ಅವಸರ ಮಾಡಿದರೆ ನಮ್ಮವರಿಗೆ ಸಿಟ್ಟು. ಪಾರ್ಸೆಲ್ಲಿಗೆ ಬೇರೆ ಮೇಜು, ಬೇರೆ ಇಬ್ಬರು, ಡೆಲಿವರಿಯವರಿಗೆ ಕೂರಲು ಬೆಂಚು, ಕುಡಿಯಲು ನೀರು, ಇಷ್ಟು ಮಾಡಿದ ಮೇಲೆ ಮಾತಿಗೆ ಮಾತು ಬೆಳೆಯುವುದು ಕಡಿಮೆಯಾಗಿದೆ. ಮಾಮೂಲಿ ದಿನಗಳಲ್ಲಿ ಸಾಕಾಗುತ್ತದೆ.

ಸಾಕಾಗದೆ ಇರುವುದು ಮಳೆ ಬಂದ ಸಂಜೆ. ಬೆಂಗಳೂರಿನಲ್ಲಿ ಆರು ಗಂಟೆಗೆ ಜೋರು ಮಳೆ ಹಿಡಿದರೆ ಆರ್ಡರ್ ಏರುತ್ತದೆ, ಒಯ್ಯುವವರು ಬರುವುದಿಲ್ಲ. ಕಟ್ಟಿಟ್ಟ ದೋಸೆ ಕವರಿನಲ್ಲೇ ಮೆತ್ತಗಾಗುತ್ತದೆ. ಆಮೇಲೆ ಬರುವ ಕೆಟ್ಟ ರೇಟಿಂಗ್ ಓದಿ ಭಟ್ಟರು ಬೇಜಾರು ಮಾಡಿಕೊಳ್ಳುತ್ತಾರೆ. ತಾವು ಗರಿಗರಿಯಾಗಿಯೇ ಮಾಡಿದ್ದೆವಲ್ಲ ಅನ್ನುವ ಸಂಕಟ ಅವರದ್ದು. ಈ ಮಳೆಗಾಲದಿಂದ ಒಂದು ಹೊಸ ಏರ್ಪಾಟು ಮಾಡಿದ್ದೇವೆ. ಮಳೆ ಶುರುವಾದರೆ ಆ್ಯಪಿನಲ್ಲಿ ದೋಸೆ ಬಂದ್. ಇಡ್ಲಿ, ಪಲಾವ್, ಬಿಸಿಬೇಳೆಬಾತ್, ಹೀಗೆ ಅರ್ಧ ಗಂಟೆ ತಡೆಯುವ ತಿಂಡಿಗಳು ಮಾತ್ರ. ಬಂದ್ ಮಾಡುವುದು ಯಾವಾಗ, ಮತ್ತೆ ತೆರೆಯುವುದು ಯಾವಾಗ ಎಂದು ತೀರ್ಮಾನ ಮಾಡುವವರು ನಾನಲ್ಲ, ಗಲ್ಲಾದವರೂ ಅಲ್ಲ. ಟ್ಯಾಬನ್ನು ದೋಸೆ ಕಲ್ಲಿನ ಪಕ್ಕದ ಗೋಡೆಗೆ ಸಿಕ್ಕಿಸಿ, ಆ ಗುಂಡಿಯನ್ನು ಭಟ್ಟರ ಕೈಗೇ ಕೊಟ್ಟಿದ್ದೇವೆ.